ತಂಬಿಗೆ ಒಳಗೆ, ಬಚ್ಚಲು ಹೊರಗೆ

ಬಸುರಿಗೆ ರಾತ್ರಿ ಬಾಯಾರಿದರೆ ಏನು ಕೊಡಬೇಕು ಎಂದು ನಮ್ಮ ಸೀಮೆಯ ಯಾವ ಅಜ್ಜಿಯನ್ನು ಕೇಳಿದರೂ ನಾಲ್ಕಾರು ಬಗೆ ಹೇಳುತ್ತಾಳೆ. ಲಾವಂಚದ ನೀರು, ಕೊತ್ತಂಬರಿ-ಜೀರಿಗೆ ಕಷಾಯ, ಎಳ್ಳುನೀರು, ಗಂಜಿತಿಳಿ. ಆ ನೀರು ಕುಡಿದವಳು ಸರಿರಾತ್ರಿಯಲ್ಲಿ ಒಂದಕ್ಕೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ಅದೇ ಅಜ್ಜಿ ತುಸು ಹೊತ್ತು ಸುಮ್ಮನಾಗುತ್ತಾಳೆ. ಆಮೇಲೆ, ಕತ್ತಲಾದ ಮೇಲೆ ನೀರು ಕಮ್ಮಿ ಕುಡಿಯಬೇಕು ಅನ್ನುತ್ತಾಳೆ. ಬನವಾಸಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಸುರಿಯರ ರಾತ್ರಿಗಳು ತಲೆಮಾರುಗಳ ಕಾಲ ಈ ಎರಡು ಉತ್ತರಗಳ ನಡುವೆ ಕಳೆದಿವೆ. ಬಾಯಾರಿಕೆಯನ್ನು ಮನೆ ನೋಡಿಕೊಂಡಿತು. ಅದರ ಮುಂದಿನದನ್ನು ಹೆಣ್ಣಿನ ಪಾಲಿಗೆ ಬಿಟ್ಟಿತು.

ನಾನು 1979ರಲ್ಲಿ ಎಎನ್‌ಎಂ ಆಗಿ ಕೆಲಸಕ್ಕೆ ಸೇರಿದವಳು. ಮೊದಲು ಯಲ್ಲಾಪುರ ತಾಲೂಕಿನ ಕಾಡಂಚಿನ ಊರುಗಳು, ಆಮೇಲೆ ನಿವೃತ್ತಿಯ ತನಕ ಬನವಾಸಿಯ ಸುತ್ತು. ಜನ ನನ್ನನ್ನು ನರ್ಸಕ್ಕೋರು ಅನ್ನುತ್ತಿದ್ದರು, ಈಗಲೂ ಹಾಗೇ ಕರೆಯುತ್ತಾರೆ. ಬಸುರಿಯರ ತೂಕ, ರಕ್ತದ ಒತ್ತಡ, ಕಾಲಿನ ಬಾವು ಬರೆದುಕೊಳ್ಳುವುದು ಇಲಾಖೆಯ ಕೆಲಸ. ರಾತ್ರಿ ಎಷ್ಟು ಸಲ ಏಳುತ್ತೀ, ಎಲ್ಲಿಗೆ ಹೋಗುತ್ತೀ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳುವುದು ನಾನೇ ಹಚ್ಚಿಕೊಂಡ ಕೆಲಸ. ಇದನ್ನು ಯಾವ ರಿಜಿಸ್ಟರೂ ಕೇಳುತ್ತಿರಲಿಲ್ಲ. ಮುದುಕಿಯರನ್ನು ಅವರ ಕಾಲದ ಬಗ್ಗೆಯೂ ಕೇಳಿದೆ. ಹಾಗೆ ಕೂಡಿಬಂದದ್ದು ಈ ಚರಿತ್ರೆ.

ಬನವಾಸಿಯಲ್ಲಿ ಚರಿತ್ರೆಗೆ ಬರವಿಲ್ಲ. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವ ನಾಗಶಿಲೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಐದು ಹೆಡೆಯ ನಾಗ, ಅಂಚಿನಲ್ಲಿ ಪ್ರಾಕೃತದ ಬರಹ. ಕದಂಬರಿಗೂ ಹಿಂದೆ ಇಲ್ಲಿ ಆಳಿದ ಚುಟು ದೊರೆಯ ಮಗಳು ನಾಗಶ್ರೀ ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿಕೊಟ್ಟಳು ಎಂದು ಅದರಲ್ಲಿದೆ. ಮಕ್ಕಳಾಗಲಿ ಎಂದು ಇಂದಿಗೂ ಹೆಂಗಸರು ನಾಗನಿಗೆ ಹರಕೆ ಹೊರುವ ಸೀಮೆ ಇದು. ಈ ನೆಲದ ಅತಿ ಹಳೆಯ ಬರಹಗಳಲ್ಲೊಂದು ಒಬ್ಬ ಹೆಣ್ಣು ಕೊಟ್ಟ ನೀರಿನ ಲೆಕ್ಕ ಎಂಬುದು ನನಗೆ ಹೆಮ್ಮೆಯ ಸಂಗತಿ. ನಾಲ್ಕು ಮೈಲಿಯೂ ಆಗದ ದೂರದಲ್ಲಿ ಗುಡ್ನಾಪುರದ ದೊಡ್ಡ ಕೆರೆಯಿದೆ, ಊರಿನ ಮೂರು ಕಡೆ ವರದೆ ಹರಿಯುತ್ತಾಳೆ. ನೀರಿಗೆ ಇಲ್ಲಿ ಕೊರತೆಯಿರಲಿಲ್ಲ.

ಮೈಯ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬಸಿರು ನಿಂತ ಕೆಲವೇ ವಾರಗಳಲ್ಲಿ ಮೂತ್ರಪಿಂಡಗಳು ಮೊದಲಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಸೋಸತೊಡಗುತ್ತವೆ. ಒಂಬತ್ತು ತಿಂಗಳಲ್ಲಿ ಹೆಣ್ಣಿನ ಮೈಯಲ್ಲಿ 6ರಿಂದ 8 ಲೀಟರಿನಷ್ಟು ನೀರು ಹೆಚ್ಚಾಗಿ ಸೇರುತ್ತದೆ. ಅಷ್ಟನ್ನು ಕೂಡಿಸಿಕೊಳ್ಳಲೆಂದೇ ಬಾಯಾರಿಕೆ ಬೇಗ ಬೇಗ ಆಗುತ್ತದೆ. ಮೊದಲ ಮೂರು ತಿಂಗಳು ಗರ್ಭಕೋಶ ಮೂತ್ರಕೋಶವನ್ನು ಒತ್ತುತ್ತದೆ. ನಾಲ್ಕೈದರಲ್ಲಿ ಅದು ಹೊಟ್ಟೆಯ ಕಡೆ ಏರಿದಾಗ ಸ್ವಲ್ಪ ಸಮಾಧಾನ. ಕೊನೆಯಲ್ಲಿ ಮಗುವಿನ ತಲೆ ಇಳಿದಾಗ ಮತ್ತೆ ಒತ್ತು. ಹಗಲೆಲ್ಲ ನಿಂತು ದುಡಿದವಳ ಕಾಲಲ್ಲಿ ಇಳಿದು ನಿಂತ ನೀರು, ರಾತ್ರಿ ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಆದ್ದರಿಂದಲೇ ಈ ತೊಂದರೆ ಹಗಲಿಗಿಂತ ರಾತ್ರಿ ಜೋರು. ಗದ್ದೆ ನಾಟಿಯಲ್ಲಿ ಬೆಳಗಿಂದ ಬಗ್ಗಿ ನಿಂತವಳು ಸಂಜೆಯಿಂದ ಹನಿ ನೀರು ಮುಟ್ಟದಿದ್ದರೂ ರಾತ್ರಿ ಮೂರು ನಾಲ್ಕು ಸಲ ಏಳಲೇಬೇಕು.

ಹಾಗೆ ಏಳುವವಳಿಗೆ ಮನೆ ಹೇಗಿತ್ತು? ಶಿರಸಿ, ಸಿದ್ದಾಪುರ ಕಡೆಯ ಹವ್ಯಕರ ಹಳೆಯ ಅಡಿಕೆ ಮನೆಗಳಲ್ಲಿ ಜಗಲಿ, ಅದನ್ನು ದಾಟಿ ನಡುಮನೆ, ದೇವರ ಮನೆ, ಅಡುಗೆಮನೆ. ಬಚ್ಚಲು ಹಿಂಬದಿಯಲ್ಲಿ, ಕೊಟ್ಟಿಗೆಯ ಮಗ್ಗುಲಿಗೆ. ಹಂಡೆ, ಒಲೆ, ಕಲ್ಲುಚಪ್ಪಡಿ, ನೀರು ತೋಟದ ಕಡೆ ಹರಿದುಹೋಗುವ ಕಂಡಿ. ಹೆಂಗಸರು ಒಂದಕ್ಕೆ ಕೂರುತ್ತಿದ್ದುದು ಆ ಬಚ್ಚಲಲ್ಲಿ ಇಲ್ಲವೆ ಅದರಾಚೆಯ ಬಾಳೆಗಿಡದ ಬುಡದಲ್ಲಿ. ಎರಡಕ್ಕಾದರೆ ಬೆಟ್ಟಕ್ಕೇ ಹೋಗಬೇಕು. ಸೊಪ್ಪಿನ ಬೆಟ್ಟ ಎಂದರೆ ಅಡಿಕೆ ತೋಟದವರು ಸೊಪ್ಪು, ದರಗು ತರುವ ಕಾಡು. ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ತೋಟಕ್ಕೆ ಎಷ್ಟು ಬೆಟ್ಟ ಬೇಕೆಂದು ಸರಕಾರ ಅಳೆದು ಬರೆದಿಟ್ಟಿತು. ಆ ಬೆಟ್ಟಕ್ಕೆ ಕತ್ತಲಲ್ಲಿ ಹೋಗುವ ಬಸುರಿಯ ಲೆಕ್ಕ ಯಾರ ಪುಸ್ತಕಕ್ಕೂ ಸೇರಲಿಲ್ಲ.

ಬನವಾಸಿ ಕಡೆಯ ಗೇಣಿದಾರರ ಮನೆ ಬೇರೆ. ನಾನು ಹುಟ್ಟಿದ್ದು ಅಂಥ ಮನೆಯಲ್ಲಿ. ಹುಲ್ಲಿನ ಮಾಡು, ಮಣ್ಣಿನ ಗೋಡೆ, ಎರಡೇ ಅಂಕಣ. ಒಂದರಲ್ಲಿ ದನ, ಒಂದರಲ್ಲಿ ನಾವು. ಬಚ್ಚಲು ಎಂದರೆ ಮನೆಯ ಹಿಂದೆ ಅಡಿಕೆ ದಬ್ಬೆಗೆ ಸೋಗೆ ಕಟ್ಟಿದ ಮರೆ, ಕಾಲಿಡಲು ಒಂದು ಜಂಬಿಟ್ಟಿಗೆ ಕಲ್ಲು. ಮಳೆಗಾಲದಲ್ಲಿ ಸೋಗೆ ಕೊಳೆತು ಮರೆಯೂ ಬೀಳುತ್ತಿತ್ತು. ಯಲ್ಲಾಪುರದ ಗೌಳಿವಾಡಗಳಲ್ಲಿ, ಸಿದ್ದಿಯರ ಹಾಡಿಗಳಲ್ಲಿ ಆ ಮರೆಯೂ ಇರಲಿಲ್ಲ, ಮನೆ ಮುಗಿದಲ್ಲಿ ಕಾಡು. ಆದರೂ ಒಂದು ಮಾತು ಹೇಳಬೇಕು. ಅಲ್ಲಿನ ಹೆಂಗಸರಿಗೆ ಕಾಡಿನ ಹೆದರಿಕೆ ನಮ್ಮಷ್ಟಿರಲಿಲ್ಲ, ಇಬ್ಬರು ಮೂವರು ಒಟ್ಟಿಗೆ ಎದ್ದು ಹೋಗುತ್ತಿದ್ದರು. ಬಸುರಿಯನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ.

ಈಗ ಬಾಯಾರಿಕೆಯ ಕಡೆಗೆ ಬರೋಣ. ಇಲ್ಲಿ ನಮ್ಮವರ ತಿಳಿವಳಿಕೆ ದೊಡ್ಡದು. ಬಸುರಿಯ ತಲೆದೆಸೆಯಲ್ಲಿ ತಾಮ್ರದ ತಂಬಿಗೆ, ಅದರ ಮೇಲೆ ಕವುಚಿದ ಲೋಟ, ಇಷ್ಟು ಬಡವರ ಮನೆಯಲ್ಲೂ ಇರುತ್ತಿತ್ತು. ತಾಮ್ರ ಇಲ್ಲದಿದ್ದರೆ ಮಣ್ಣಿನ ಗಡಿಗೆ. ಬೇಸಗೆಯಲ್ಲಿ ಲಾವಂಚದ ಬೇರನ್ನು ತೊಳೆದು, ಸಣ್ಣ ಕಟ್ಟು ಮಾಡಿ ಕುಡಿಯುವ ನೀರಿಗೆ ಹಾಕುವರು. ಎರಡು ಮೂರು ದಿನಕ್ಕೊಮ್ಮೆ ಬೇರನ್ನು ತೆಗೆದು ಬಿಸಿಲಿಗೆ ಒಣಗಿಸಿ ಮತ್ತೆ ಹಾಕುವರು. ವಾಕರಿಕೆ ಬರುವ ಮೊದಲ ತಿಂಗಳುಗಳಲ್ಲಿ ಬರೀ ನೀರು ಗಂಟಲಲ್ಲಿ ಇಳಿಯದವರಿಗೆ ಆ ಪರಿಮಳವೇ ದಾರಿ ಮಾಡಿಕೊಡುತ್ತಿತ್ತು. ಮಳೆಗಾಲಕ್ಕೆ ಕಷಾಯ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಟ್ಟು, ಬೆಲ್ಲ ಹಾಕಿ ಕುದಿಸಿ, ಹವ್ಯಕರಲ್ಲಿ ಹಾಲು ಬೆರೆಸಿ, ನಮ್ಮಲ್ಲಿ ಹಾಗೇ. ಎಳ್ಳುನೀರು ಸಿದ್ದಾಪುರದ ಕಡೆಯ ಹೆಚ್ಚುಗಾರಿಕೆ. ನೆನೆಸಿದ ಎಳ್ಳನ್ನು ನುಣ್ಣಗೆ ಬೀಸಿ ಬೆಲ್ಲದ ನೀರಿಗೆ ಕಲಸಿದ್ದು ಹೊಟ್ಟೆಗೂ ಆಯಿತು, ಬಾಯಾರಿಕೆಗೂ ಆಯಿತು. ಆದರೆ ಎಳ್ಳು ಉಷ್ಣ ಎಂದು ಮೊದಲ ತಿಂಗಳುಗಳಲ್ಲಿ ಕೆಲವರು ಕೊಡುತ್ತಿರಲಿಲ್ಲ. ಮುರುಗಲು ಪಾನಕ ಹಗಲಿಗೆ. ಅಪ್ಪೆಹುಳಿ ರಾತ್ರಿಯ ಊಟಕ್ಕೆ. ಅಪ್ಪೆಮಿಡಿ ಬೇಯಿಸಿ ಕಿವುಚಿ, ತೆಳ್ಳಗೆ ನೀರು ಮಾಡಿ, ಇಂಗಿನ ಒಗ್ಗರಣೆ ಕೊಟ್ಟದ್ದನ್ನು ಲೋಟದಲ್ಲಿ ಕುಡಿದರೆ ನಿದ್ದೆ ಬರುತ್ತದೆ ಎಂದು ಶಿರಸಿಯಲ್ಲಿ ಎಲ್ಲರೂ ನಂಬುತ್ತಾರೆ. ಬಸುರಿಗೆ ಹುಳಿಯ ಬಯಕೆಯೂ ತೀರುತ್ತಿತ್ತು. ಅದರ ಉಪ್ಪು ಮಾತ್ರ ರಾತ್ರಿ ಮತ್ತೆ ಬಾಯಿ ಒಣಗಿಸುತ್ತದೆ ಎಂದು ನಾನು ಹೇಳಿದಾಗಲೆಲ್ಲ ಅಜ್ಜಿಯರು ಒಪ್ಪಿದ್ದುಂಟು, ಉಪ್ಪು ಕಡಿಮೆ ಮಾಡಿದ್ದೂ ಉಂಟು.

ಬನವಾಸಿ ಅನಾನಸಿಗೆ ಹೆಸರಾದ ಊರು. ಮನೆ ಸುತ್ತ ರಸದ ಹಣ್ಣು ಬೆಳೆದರೂ ಬಸುರಿ ಅದನ್ನು ಮುಟ್ಟುವಂತಿರಲಿಲ್ಲ, ಗರ್ಭ ಇಳಿದೀತೆಂಬ ಭಯ. ಊಟದ ಜೊತೆ ಎರಡು ಹೋಳು ತಿಂದರೆ ಏನೂ ಆಗುವುದಿಲ್ಲ. ಈ ಭಯ ಇನ್ನೂ ಹೋಗಿಲ್ಲ.

ತಂಬಿಗೆಯ ಬಗ್ಗೆ ಇಷ್ಟು ನಿಗಾ ಇಟ್ಟ ಮನೆಗಳೇ ಹೊಸ್ತಿಲಾಚೆಗೆ ಬಿಗಿಯಾದ ಕಟ್ಟಳೆ ಹಾಕಿದವು. ದೀಪ ಹಚ್ಚಿದ ಮೇಲೆ ಬಸುರಿ ಒಬ್ಬಳೇ ಹೊರಗೆ ಇಳಿಯಬಾರದು. ಕೂದಲು ಬಿಚ್ಚಿ ಹೋಗಬಾರದು. ಕೈಯಲ್ಲಿ ಕಬ್ಬಿಣ ಇರಬೇಕು, ಕತ್ತಿಯಾಗಲಿ, ಬೀಗದಕೈಯಾಗಲಿ. ಊರ ದೈವ ಚೌಡಿಯ ಬನದ ಕಡೆ ಮುಖ ಮಾಡಿ ಕೂರಬಾರದು. ಗಾಳಿ ಸೋಕೀತು, ಸೋಂಕಾದರೆ ಹೊಟ್ಟೆ ನಿಲ್ಲದು. ಇದರಲ್ಲಿ ಹಾವಿನ ಭಯ ಇತ್ತು, ಹುಲಿ ಚಿರತೆಯ ಭಯ ಇತ್ತು, ಮಳೆಯಲ್ಲಿ ಜಾರಿ ಬೀಳುವ ಭಯ ಇತ್ತು. ಅವನ್ನೆಲ್ಲ ಒಂದು ಚೌಡಿಯ ಹೆಸರಲ್ಲಿ ಕಟ್ಟಿದ್ದರು ಎಂದು ನನಗೆ ಅನ್ನಿಸುತ್ತದೆ. ಭಯಕ್ಕೆ ಕಾರಣ ಇತ್ತು. ಆ ಕಾರಣಕ್ಕೆ ಪರಿಹಾರವೆಂದು ಹೆಣ್ಣಿಗೆ ಸಿಕ್ಕಿದ್ದು ತಡೆದುಕೊಳ್ಳುವುದು ಒಂದೇ.

ನಿವೃತ್ತಿಯ ನಂತರ ಚರಕಸಂಹಿತೆಯನ್ನು ಕನ್ನಡದಲ್ಲಿ ಓದಿದೆ. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಕ್ಕೆ ಕೇಡು ತರುವ ನಡತೆಗಳ ಪಟ್ಟಿಯಿದೆ. ಗಟ್ಟಿಯಾದ, ಏರುಪೇರಾದ ಜಾಗದಲ್ಲಿ ಕೂರುವುದು, ಮಲಮೂತ್ರದ ವೇಗವನ್ನು ತಡೆಯುವುದು ಅದರಲ್ಲಿ ಸೇರಿವೆ. ಅದೇ ಅಧ್ಯಾಯ ರಾತ್ರಿ ತಿರುಗಾಡುವ ಬಸುರಿಗೆ ಬುದ್ಧಿ ಕೆಟ್ಟ ಮಗು ಹುಟ್ಟುತ್ತದೆ ಎಂದೂ ಹೇಳುತ್ತದೆ. ತಡೆಯಬೇಡ, ಹೊರಗೂ ಹೋಗಬೇಡ. ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಹಳೆಯ ಗ್ರಂಥದಲ್ಲಿ ನಮ್ಮ ಊರಿನ ಸೊಸೆಯರ ಇಕ್ಕಟ್ಟು ಇಷ್ಟು ನಿಚ್ಚಳವಾಗಿ ಇರುವುದನ್ನು ಕಂಡು ನನಗೆ ಕಣ್ಣೀರು ಬಂತು. ಎರಡರಲ್ಲಿ ಮೊದಲನೆಯದು ನಿಜ ಎಂದು ಇವತ್ತಿನ ವೈದ್ಯವೂ ಹೇಳುತ್ತದೆ. ನಮ್ಮ ಮನೆಗಳು ಪಾಲಿಸಿದ್ದು ಎರಡನೆಯದನ್ನು.

ಜೊತೆಗೆ ಯಾರು ಬರುತ್ತಿದ್ದರು? ಇದು ನನಗೆ ಬಲು ಮುಖ್ಯವಾದ ಪ್ರಶ್ನೆ. ಗಂಡಂದಿರು ಜಗಲಿಯಲ್ಲೋ ಮಾಳಿಗೆಯಲ್ಲೋ ಮಲಗುವ ಮನೆಗಳಲ್ಲಿ ಅವರನ್ನು ಎಬ್ಬಿಸುವ ಮಾತೇ ಇಲ್ಲ. ಅತ್ತೆಯನ್ನು ಎಬ್ಬಿಸಲು ಸಂಕೋಚ. ನಾದಿನಿ ಇದ್ದರೆ ಅದೃಷ್ಟ. ಸಿದ್ದಾಪುರದ ಕಡೆಯ ಒಬ್ಬ ಅಜ್ಜಿ ತನ್ನ ಚೊಚ್ಚಲ ಬಸಿರಿನ ದಿನಗಳನ್ನು ಹೇಳುತ್ತ, "ಅತ್ತೆ ಒಳ್ಳೆಯವಳೇ. ಆದ್ರೆ ಎಬ್ಬಿಸಲೆ ಧೈರ್ಯ ಬರ್ತಿತ್ತಿಲ್ಲೆ. ಬೆಳಗಪ್ಪಲ್ಲಿವರೆಗೆ ಗೋಡೆಗೆ ಒರಗಿ ಕೂತಿರ್ತಿದ್ದಿ" ಅಂದಳು. ಅವಳ ಅತ್ತೆ ಅದಕ್ಕೊಂದು ಉಪಾಯ ಮಾಡಿದಳಂತೆ. ಮಳೆಗಾಲ ಹಿಡಿದ ಕೂಡಲೇ ಸೊಸೆಯ ಹಾಸಿಗೆಯನ್ನು ಅಡುಗೆಮನೆಯ ಹಿಂಬಾಗಿಲ ಪಕ್ಕಕ್ಕೆ ತಂದು, ತಾನೂ ಅಲ್ಲೇ ಚಾಪೆ ಹಾಸಿ ಮಲಗಿದಳು. ಬಾಗಿಲ ಅಗುಳಿ ಸದ್ದಾದರೆ ಸಾಕು, ಎದ್ದು ಚಿಮಣಿ ಬುಡ್ಡಿ ಹಚ್ಚುವಳು. ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಚೊಚ್ಚಲ ಹೆರಿಗೆಗೆ ಹೆಣ್ಣನ್ನು ತವರಿಗೆ ಕರೆದೊಯ್ಯುವ ಪದ್ಧತಿಯನ್ನು ಎಲ್ಲರೂ ಆರೈಕೆಗೆಂದು, ಬಯಕೆ ಊಟಕ್ಕೆಂದು ಹೇಳುತ್ತಾರೆ. ನಾನು ಕೇಳಿದ ಹೆಂಗಸರಲ್ಲಿ ಬಹಳಷ್ಟು ಜನ ಮೊದಲು ನೆನೆದದ್ದು ಇನ್ನೊಂದನ್ನು. ತವರಲ್ಲಿ ರಾತ್ರಿ ಅಬ್ಬೆಯನ್ನು, ಅವ್ವನನ್ನು ಎಬ್ಬಿಸಲು ನಾಚಿಕೆಯಿರಲಿಲ್ಲ. ಆದ್ದರಿಂದ ಬೇಕಾದಷ್ಟು ನೀರು ಕುಡಿದರು. ಏಳನೆಯ ತಿಂಗಳ ನಂತರ ಮಗಳ ಮೈ ತುಂಬಿಕೊಂಡಿತು ಎಂದು ತವರಿನವರು ಹಿಗ್ಗುವುದರಲ್ಲಿ ತುಪ್ಪದ ಪಾಲಿನ ಜೊತೆಗೆ ಈ ನೀರಿನ ಪಾಲೂ ಇದೆ ಎಂದು ನನ್ನ ಎಣಿಕೆ. ಎರಡನೆಯ, ಮೂರನೆಯ ಬಸಿರಿಗೆ ತವರೂ ಇಲ್ಲ, ಮಡಿಲಲ್ಲಿ ಇನ್ನೊಂದು ಕೂಸು. ಆಗಲೇ ತೊಂದರೆ ಹೆಚ್ಚು.

ನಮ್ಮ ಅಜ್ಜಿಯರ ಕಾಲದಲ್ಲಿ ರಾತ್ರಿಯ ಬಾಯಾರಿಕೆಗೆ ಇನ್ನೊಂದು ಅರ್ಥವಿತ್ತು, ಜ್ವರ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1883ರಲ್ಲಿ ಅಚ್ಚಾದ ಕೆನರಾ ಗ್ಯಾಸೆಟಿಯರ್ ಘಟ್ಟದ ಮೇಲಿನ ತಾಲೂಕುಗಳ ಜ್ವರವನ್ನು ಹೇಳುತ್ತದೆ. ಚಳಿಜ್ವರ ಯಲ್ಲಾಪುರ, ಸಿದ್ದಾಪುರದ ಊರುಗಳನ್ನು ಖಾಲಿ ಮಾಡಿತು. ಜ್ವರಗೆಡ್ಡೆ ಎಂದು ಜನ ಕರೆಯುತ್ತಿದ್ದ ಊದಿದ ಗುಲ್ಮ ಹೊತ್ತು ಓಡಾಡುವ ಮಕ್ಕಳು ಮನೆಮನೆಯಲ್ಲಿದ್ದರು. ಮಲೇರಿಯಾ ಬಸುರಿಗೆ ಬೇರೆಯವರಿಗಿಂತ ಕ್ರೂರ, ರಕ್ತ ಹೀರುತ್ತದೆ, ಗರ್ಭ ಇಳಿಸುತ್ತದೆ. ಆದ್ದರಿಂದ ಸೊಸೆ ರಾತ್ರಿ ನೀರು ಕೇಳಿದರೆ ಅತ್ತೆಯ ಕೈ ಮೊದಲು ಹೋಗುವುದು ಅವಳ ಹಣೆಗೆ. ಮೈ ತಣ್ಣಗಿದ್ದರೆ ಅದು ಬಸುರಿನ ಬಾಯಾರಿಕೆ, ಸುಡುತ್ತಿದ್ದರೆ ಜ್ವರದ ಬಾಯಾರಿಕೆ. ಜ್ವರಕ್ಕೆ ಕ್ವಿನೈನು ಕೊಟ್ಟರೆ ಬಸಿರು ಹೋಗುತ್ತದೆಂಬ ಭಯ, ಕೊಡದಿದ್ದರೆ ತಾಯಿಯೇ ಹೋಗುತ್ತಾಳೆ. 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳ್ತನದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಹೊಡೆಯುವ ಕೆಲಸ ಶುರುವಾಯಿತು. ದೇಶಕ್ಕೆಲ್ಲ ಅಂಥ ಯೋಜನೆ ಬಂದದ್ದು 1953ರಲ್ಲಿ. ನಮ್ಮ ಅವ್ವ ಆ ಬಿಳಿಯ ಪುಡಿಯ ಕಲೆಯನ್ನು ಗೋಡೆಯ ಮೇಲೆ ಕಂಡವಳು. ಮಲೇರಿಯಾ ಇಳಿದ ಮೇಲೆ ಹಣೆ ಮುಟ್ಟಿ ನೋಡುವ ರೂಢಿ ಮಾತ್ರ ಉಳಿಯಿತು. ಒಳ್ಳೆಯದೇ ಆಯಿತು, ಅದು ಮುಂದೆ ನನಗೆ ಬೇರೆ ಕೆಲಸಕ್ಕೆ ಬಂತು.

ಏಕೆಂದರೆ ತಡೆದುಕೊಂಡದ್ದಕ್ಕೆ ಬೆಲೆ ತೆರುವವರನ್ನು ನಾನು ವರ್ಷವಿಡೀ ನೋಡುತ್ತಿದ್ದೆ. ಬಸುರಿಯಲ್ಲಿ ಮೂತ್ರನಾಳ ಸಡಿಲಾಗಿ ಮೂತ್ರ ನಿಧಾನ ಹರಿಯುತ್ತದೆ. ಅದರ ಮೇಲೆ ಸಂಜೆಯಿಂದ ನೀರು ಬಿಟ್ಟು, ರಾತ್ರಿಯೆಲ್ಲ ತಡೆದರೆ ಸೋಂಕು ಬೇಗ ಏರುತ್ತದೆ. ಜನ ಅದನ್ನು ಉರಿಮೂತ್ರ ಅಂದರು, ಉಷ್ಣ ಅಂದರು. ಕೊತ್ತಂಬರಿ ನೀರು, ಎಳನೀರು, ಬಾರ್ಲಿ ಗಂಜಿ ಕೊಟ್ಟರು. ನೀರು ಹೆಚ್ಚು ಹೋದದ್ದರಿಂದ ಕೆಲವರಿಗೆ ಹಗುರಾದದ್ದೂ ಉಂಟು. ಆದರೆ ಸೋಂಕು ಮೂತ್ರಪಿಂಡಕ್ಕೆ ಏರಿದಾಗ ನಡುಕ, ಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು. ಆಮೇಲೆ ದಿನ ತುಂಬುವ ಮೊದಲೇ ಹೆರಿಗೆ. ಚೌಡಿಯ ಸೋಕು ಎಂದು ತೆಂಗಿನಕಾಯಿ ಒಡೆಸಿದ ಎಷ್ಟೋ ಮನೆಗಳಲ್ಲಿ ನಡೆದದ್ದು ಇದು. ಹಣೆ ಮುಟ್ಟಿ ನೋಡಿ, ಬಿಸಿ ಇದ್ದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ ಎಂದು ನಾನು ಅತ್ತೆಯರಿಗೆ ಹೇಳಿದೆ. ಅವರಿಗೆ ಅದು ಗೊತ್ತಿದ್ದ ಕೆಲಸ, ಅದಕ್ಕೇ ಒಪ್ಪಿಕೊಂಡರು.

ಗ್ರಹಣದ ಮಾತನ್ನೂ ಹೇಳಬೇಕು. ಗ್ರಹಣ ಹಿಡಿದು ಬಿಡುವ ತನಕ ಬಸುರಿ ನೀರು ಕುಡಿಯಬಾರದು, ಹೊರಗೆ ಬರಬಾರದು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಜಿಲ್ಲೆಯ ಕರಾವಳಿಯಿಂದಲೇ ಒಳಬಂದು ರಾಯಚೂರಿನ ಕಡೆ ಸಾಗಿತು. ಆಗ ನಾನು ಯಲ್ಲಾಪುರದ ಕಡೆ ಇದ್ದೆ. ಮಧ್ಯಾಹ್ನದ ಹೊತ್ತು, ಬಿಸಿಲು ಏರಿದ ತಿಂಗಳು. ಕಿಟಕಿಗೆ ಗೋಣಿ ಕಟ್ಟಿದ ಕೋಣೆಯಲ್ಲಿ ಬಸುರಿಯರು ಬೆಳಗಿನಿಂದ ಬಾಯಿಗೆ ನೀರಿಲ್ಲದೆ ಕೂತಿದ್ದರು. ಹಿಂದಿನ ದಿನವೇ ಮನೆಮನೆಗೆ ಹೋಗಿ, ತುಳಸಿ ದಳ ಹಾಕಿಟ್ಟ ನೀರಿಗೆ ದೋಷವಿಲ್ಲ ಎಂದು ನಿಮ್ಮಲ್ಲೇ ಮಾತಿದೆಯಲ್ಲ, ಅದನ್ನು ಕುಡಿಸಿ ಎಂದು ಹೇಳಿ ಬಂದಿದ್ದೆ. ಕೆಲವು ಮನೆಯವರು ಕುಡಿಸಿದರು. ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಮಡಿಕೆ ಇಟ್ಟುಕೊಟ್ಟರು. ಗ್ರಹಣಕ್ಕೆಂದು ಒಪ್ಪಿದ ಆ ಮಡಿಕೆಯನ್ನು ರಾತ್ರಿಗಳಿಗೂ ಇಡಿ ಎಂದು ಆಮೇಲೆ ನಾನು ಹೋದಲ್ಲೆಲ್ಲ ಕೇಳಿಕೊಂಡೆ. ಅರ್ಧ ಬೂದಿ ತುಂಬಿದ ಮಡಿಕೆ, ಮೇಲೆ ಹಲಗೆ, ಬೆಳಿಗ್ಗೆ ಬಾಳೆಬುಡಕ್ಕೆ. ಮಡಿಯ ಮನೆಗಳಲ್ಲಿ ಕಷ್ಟವಾಯಿತು. ಉಳಿದ ಕಡೆ ನಡೆಯಿತು.

ಎಲ್ಲ ಬಾಯಾರಿಕೆಯೂ ಸಹಜವಲ್ಲ. ನನ್ನ ಚೀಲದಲ್ಲಿ ಸ್ಪಿರಿಟ್ ದೀಪ, ಗಾಜಿನ ನಳಿಗೆ, ಬೆನೆಡಿಕ್ಟ್ ದ್ರಾವಣ ಇರುತ್ತಿದ್ದವು. ನೀಲಿ ದ್ರಾವಣ 5 ಮಿಲಿಲೀಟರ್, ಮೂತ್ರ 8 ಹನಿ, ಕುದಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆಗೆ ತಿರುಗುತ್ತ ಹೋದಂತೆ ಸಕ್ಕರೆ ಹೆಚ್ಚು, ಇಟ್ಟಿಗೆ ಕೆಂಪಾದರೆ ಬಹಳ. ಗುಡ್ನಾಪುರದ ಕಡೆಯ ಒಂದು ಮನೆಯ ಅತ್ತೆ ನನ್ನನ್ನು ದಾರಿಯಲ್ಲೇ ತಡೆದು, "ಅಕ್ಕೋರೆ, ಇವಳು ಕುಡಿಯೋ ನೀರಿಗೆ ಲೆಕ್ಕ ಇಲ್ಲ. ಬಚ್ಚಲ ಕಂಡಿಗೆ ಇರುವೆ ಸಾಲು ಹತ್ತೇತಿ, ನೋಡ್ಬರ್ರಿ" ಅಂದರು. ನಳಿಗೆ ಇಟ್ಟಿಗೆ ಕೆಂಪಾಯಿತು. ಆ ಹುಡುಗಿಯನ್ನು ಅಂದೇ ಬಸ್ಸಿಗೆ ಹತ್ತಿಸಿ ಶಿರಸಿಗೆ ಕರೆದೊಯ್ದೆವು. ಇನ್ಸುಲಿನ್ ಹಿಡಿಸಿದರು, ತಾಯಿಯೂ ಮಗುವೂ ಉಳಿದರು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಪ್ರಮೇಹದ ಮುನ್ಸೂಚನೆ ಎಂದು ಬರೆದಿದ್ದಾನೆ. ಅದನ್ನು ಓದದೆಯೂ ನಮ್ಮ ಬಚ್ಚಲು ತೊಳೆಯುವ ಹೆಂಗಸರಿಗೆ ಆ ಗುರುತು ತಿಳಿದಿತ್ತು. ಕಣ್ಣಿಟ್ಟು ನೋಡಿದ ಆ ಅತ್ತೆಯನ್ನು ನಾನು ಯಾವ ವೈದ್ಯರಿಗೂ ಕಡಿಮೆ ಎಂದು ಎಣಿಸುವುದಿಲ್ಲ.

ಯುರೋಪಿನಲ್ಲಿ ಬಸುರಿಯ ಸಕ್ಕರೆ ಕಾಯಿಲೆಯ ಮೊದಲ ವಿವರವಾದ ಬರಹ ಹುಟ್ಟಿದ್ದೂ ಬಾಯಾರಿಕೆಯಿಂದಲೇ. 1824ರಲ್ಲಿ ಬರ್ಲಿನ್‌ನ ಬೆನೆವಿಟ್ಜ್ ಎಂಬ ವೈದ್ಯ ತನ್ನ ಪ್ರಬಂಧದಲ್ಲಿ ಐದನೆಯ ಬಸಿರಿನ 22 ವರ್ಷದ ಹೆಣ್ಣನ್ನು ವರ್ಣಿಸಿದ. ಎಷ್ಟು ಕುಡಿದರೂ ತಣಿಯದ ದಾಹ, ಸಿಹಿಯಾದ ಮೂತ್ರ. ಮಗು 12 ಪೌಂಡು ತೂಗಿತು, ಹೆರಿಗೆಯಲ್ಲಿ ಉಳಿಯಲಿಲ್ಲ. ತಾಯಿಯ ದಾಹ ಹೆರಿಗೆಯಾದ ಮೇಲೆ ಇಳಿಯಿತು. ನಾನು ಮಾಡುತ್ತಿದ್ದ ಮೂತ್ರದ ಪರೀಕ್ಷೆಯನ್ನು ಮಾತ್ರ ಪೂರ್ತಿ ನೆಚ್ಚುವಂತಿಲ್ಲ. ಬಸುರಿನಲ್ಲಿ ಮೂತ್ರಪಿಂಡ ಸಕ್ಕರೆಯನ್ನು ಬೇಗ ಬಿಟ್ಟುಕೊಡುವುದರಿಂದ ಆರೋಗ್ಯವಂತರಲ್ಲೂ ನಳಿಗೆ ಹಸಿರಾಗುತ್ತದೆ. ಅದಕ್ಕೇ ಈಗ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಆರೈಕೆ ಶುರು. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ.

ಮನೆ ಬದಲಾದದ್ದು ನಿಧಾನವಾಗಿ. 1948ರಲ್ಲಿ ಜೋಗದಲ್ಲಿ ಕರೆಂಟು ಹುಟ್ಟಿತು. ಸಿದ್ದಾಪುರದ ಗಡಿಯಲ್ಲೇ ಇರುವ ಜೋಗ ಆಗ ಮೈಸೂರಿಗೆ ಸೇರಿತ್ತು, ಸಿದ್ದಾಪುರ ಮುಂಬಯಿಗೆ. 1956ರಲ್ಲಿ ಒಂದೇ ರಾಜ್ಯವಾದ ಮೇಲೂ ನಮ್ಮ ಹಳ್ಳಿಗಳ ಹಿತ್ತಲಿಗೆ ಬೆಳಕು ಬರಲು ದಶಕಗಳು ಹಿಡಿದವು. ಅಲ್ಲಿಯತನಕ ಸೂಡಿ, ಕಂದೀಲು, ಆಮೇಲೆ ಬ್ಯಾಟರಿ. 1974ರ ಭೂಸುಧಾರಣೆ ನನ್ನ ಈ ಕಥೆಯಲ್ಲಿ ದೊಡ್ಡ ತಿರುವು. ಗೇಣಿ ಮಾಡುವವರಿಗೆ ಜಮೀನು ಸಿಕ್ಕಿತು, ಒಕ್ಕಲೆಬ್ಬಿಸುವ ಭಯ ಹೋಯಿತು. ಆಗ ಹಂಚಿನ ಮನೆ ಕಟ್ಟಿದರು, ಜಂಬಿಟ್ಟಿಗೆಯ ಬಚ್ಚಲು ಕಟ್ಟಿ ಅದನ್ನು ಮನೆಗೇ ಸೇರಿಸಿದರು. ಯಾರದೋ ನೆಲದಲ್ಲಿ ಗಟ್ಟಿ ಬಚ್ಚಲು ಯಾರೂ ಕಟ್ಟುವುದಿಲ್ಲ. ನಮ್ಮ ಅವ್ವ ಕೊನೆಯ ತಮ್ಮನನ್ನು ಹೊತ್ತಾಗ ಮಾಡಿನ ಕೆಳಗೇ ಬಚ್ಚಲಿಗೆ ಹೋಗುವಂತಾಗಿತ್ತು. ಅದನ್ನು ಅವಳು ಸಾಯುವತನಕ ಹೇಳಿಕೊಂಡಳು. ಆಮೇಲೆ ಗೋಬರ್ ಗ್ಯಾಸ್ ಬಂತು. ಶಿರಸಿ ತಾಲೂಕು ಅದಕ್ಕೆ ದೇಶದಲ್ಲೇ ಹೆಸರು ಮಾಡಿತು. ನಡುರಾತ್ರಿ ಒಲೆ ಊದದೆ ಬಸುರಿಗೆ ಬಿಸಿ ಕಷಾಯ ಮಾಡಿಕೊಡಲು ಸಾಧ್ಯವಾದದ್ದು ಆ ಗ್ಯಾಸಿನಿಂದ.

ಸಂಡಾಸು ಎಲ್ಲಕ್ಕಿಂತ ತಡ. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರ ಸ್ವಚ್ಛ ಭಾರತ, ಹೀಗೆ ಒಂದರ ಮೇಲೊಂದು ಬಂದು ಕಟ್ಟಡಗಳು ಎದ್ದವು. ಆದರೆ ಬಹಳ ಕಡೆ ಮನೆಯಿಂದ ದೂರ, ಅಂಗಳದಾಚೆ, ಮೆಟ್ಟಿಲು ಇಳಿದು ಹೋಗಬೇಕು. ಆಷಾಢದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಎಂಟು ತಿಂಗಳ ಬಸುರಿ ಕೊಡೆ ಹಿಡಿದು ನಡೆಯುವುದನ್ನು ಯೋಜನೆ ಮಾಡಿದವರು ನೋಡಬೇಕಿತ್ತು. ಸೊಸೆ ಬಸುರಿಯಾದಾಗ ಆ ದಾರಿಗೆ ಒಂದು ತಗಡಿನ ಮಾಡು, ಒಂದು ಬಲ್ಬು, ಹಿಡಿದುಕೊಳ್ಳಲು ಬಿದಿರಿನ ಕೈಪಿಡಿ ಹಾಕಿಸಿದ ಮಾವಂದಿರನ್ನು ನಾನು ಬಲ್ಲೆ. ಅವರಿಗೆ ಕೈಮುಗಿಯುತ್ತೇನೆ.

ಈಗ ಹುಡುಗಿಯರು ಫೋನು ಮಾಡಿ ಕೇಳುತ್ತಾರೆ, "ಅಕ್ಕೋರೆ, ರಾತ್ರಿ ಐದು ಸಲ ಏಳ್ತೀನಿ, ನೀರು ಬಿಡ್ಲಾ?" ಬಿಡಬೇಡ ಮಗಾ, ಹಗಲಿಗೆ ಹೆಚ್ಚು ಮಾಡು ಅನ್ನುತ್ತೇನೆ. ಬೆಳಗಿನಿಂದ ಸಂಜೆಯೊಳಗೆ ದೊಡ್ಡ ಪಾಲು ಕುಡಿ, ಮಲಗುವ ಮೊದಲಿನ ಎರಡು ತಾಸು ಗುಟುಕು ಗುಟುಕು. ಸಂಜೆ ಸ್ವಲ್ಪ ಹೊತ್ತು ಎಡಮಗ್ಗುಲಾಗಿ ಕಾಲು ಎತ್ತರಕ್ಕಿಟ್ಟು ಮಲಗು, ಕಾಲಲ್ಲಿ ನಿಂತ ನೀರು ಮಲಗುವ ಮೊದಲೇ ಹೊರಹೋಗುತ್ತದೆ. ಚಹಾ ಸಂಜೆಗೆ ಬೇಡ, ರಾತ್ರಿ ಉಪ್ಪಿನಕಾಯಿ ಬೇಡ. ಕೂತಾಗ ಸ್ವಲ್ಪ ಮುಂದಕ್ಕೆ ಬಾಗು, ಪೂರ್ತಿ ಖಾಲಿಯಾಗುತ್ತದೆ. ಉರಿ, ಜ್ವರ, ರಕ್ತ, ಮುಖ ಕೈ ಊತ, ಲೆಕ್ಕವಿಲ್ಲದ ದಾಹ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವತನಕ ಕಾಯಬೇಡ. ತಂಬಿಗೆ ತಲೆದೆಸೆಯಲ್ಲೇ ಇರಲಿ.

ಫೋನು ಮಾಡಲಾರದವರು ಇನ್ನೂ ಇದ್ದಾರೆ. ಬನವಾಸಿ, ಸೊರಬದ ಸುತ್ತಲಿನ ಶುಂಠಿ ಗದ್ದೆಗಳಿಗೆ, ಅನಾನಸು ತೋಟಗಳಿಗೆ ಬೇರೆ ಜಿಲ್ಲೆಗಳಿಂದ ದುಡಿಯಲು ಬರುವ ಗಂಡಹೆಂಡಿರು ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಬೋರಿನ ನೀರು ಗದ್ದೆಗೆ ಸಾಕಷ್ಟಿದೆ, ಶೆಡ್ಡಿಗೊಂದು ಸಂಡಾಸು ಇಲ್ಲ. ಅಲ್ಲಿನ ಬಸುರಿಯರು ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುವುದಿಲ್ಲ, ಥೇಟು ನಮ್ಮ ಅಜ್ಜಿಯರ ಹಾಗೇ. ಆಶಾ ಕಾರ್ಯಕರ್ತೆಯರು ಅವರ ಹೆಸರು ಬರೆದುಕೊಂಡು ಬರುತ್ತಾರೆ, ಹಂಗಾಮು ಮುಗಿದರೆ ಅವರು ಇನ್ನೊಂದು ತಾಲೂಕಿನಲ್ಲಿ. ಜಮೀನು ಲೀಸಿಗೆ ಕೊಡುವಾಗ ಶೆಡ್ಡಿನ ಜೊತೆ ಸಂಡಾಸು, ಒಂದು ದೀಪ ಕಟ್ಟಲೇಬೇಕು ಎಂಬ ಷರತ್ತನ್ನು ಹಾಕಿಸಿ ಎಂದು ನಾನು ಪಂಚಾಯ್ತಿ ಸದಸ್ಯರ ಮನೆಗಳಿಗೆ ಹೋಗಿ ಕೇಳುತ್ತಿದ್ದೇನೆ. ಭಾಶಿ ಕಡೆಯ ಒಬ್ಬ ಜಮೀನಿನವರು ಹೋದ ಹಂಗಾಮಿನಲ್ಲಿ ತಾವಾಗಿಯೇ ಕಟ್ಟಿಸಿಕೊಟ್ಟರು. ಮಳೆ ಹಿಡಿಯುವುದರೊಳಗೆ ಉಳಿದವರನ್ನೂ ನೋಡಿ ಬರಬೇಕು.